ಕೀಗೆ ಕಾಯಕಲ್ಪ

ಸವೆದುಹೋದ ಕಾರಿನ ಕೀಗೆ ಮರುಜನ್ಮ ಕೊಡುವ ಶಕ್ತಿ ಈ ಬೀದಿಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ ಮಾತ್ರ! ಕಳೆದ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನಾನು ಹೀಗೆಂದು ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಕೇಕಿಗೆ ಕ್ರೀಮ್ ಕಲಸುತ್ತಿದ್ದಳು. ಅತ್ತೆ ಬಟಾಣಿ ಸುಲಿಯುತ್ತಿದ್ದರು.

"ರೀ, ಕೀ ಚೆನ್ನಾಗೇ ಇದೆಯಲ್ರೀ. ಹಾಕಿದ್ರೆ ಹೋಗುತ್ತೆ, ತಿರುಗಿಸಿದ್ರೆ ತಿರುಗುತ್ತೆ. ಇನ್ನೇನು ಬೇಕು?"

"ಅಂದ ಬೇಡ್ವೇನೇ?"

"ಆ ಕಾರಿಗೆ?" ಎಂದರು ಅತ್ತೆ, ಬಟಾಣಿಯಿಂದ ತಲೆಯೆತ್ತದೆ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು."

ಕಾರು ಅವರ ಮನೆಯದೇ. ಮಾವನವರು ಜೀವಮಾನವಿಡೀ ಓಡಿಸಿ ಮಗಳ ಕೈಗೆ ಕೊಟ್ಟದ್ದು. ಅದರ ಜೋಡಿ ಕೀ ಯಾವ ಕಾಲದಲ್ಲೋ ಕಳೆದುಹೋಗಿ, ಇದ್ದದ್ದು ಇದೊಂದೇ. ಬೆಳ್ಳಿಯ ಹೊಳಪೆಲ್ಲ ಹೋಗಿ ಒಳಗಿನ ಹಿತ್ತಾಳೆ ಇಣುಕುತ್ತಿತ್ತು. ಹಿಡಿದರೆ ಸಾಕು, ಬೆರಳಿಗೆಲ್ಲ ಕರಿ! ನಾನು ಕಚೇರಿಗೆ ಹೋಗಿ ಬಿಳಿ ಕಾಗದ ಮುಟ್ಟಿದರೆ ನನ್ನ ಹೆಬ್ಬೆಟ್ಟಿನ ಗುರುತು ಬೀಳುತ್ತಿತ್ತು. ವಿದ್ಯಾವಂತನಿಗೆ ಇದಕ್ಕಿಂತ ಅವಮಾನ ಬೇಕೆ?

ಮನೆಯವರ ಅನುಮಾನಕ್ಕೆ ಕಾರಣವಿಲ್ಲದಿಲ್ಲ. ನಾನು ಕರೆಗಂಟೆ ರಿಪೇರಿ ಮಾಡಿದ ದಿನದಿಂದ ನಮ್ಮ ಮನೆಗೆ ಬಂದವರು ಬಾಗಿಲು ಬಡಿಯುತ್ತಾರೆ. ಮಿಕ್ಸಿ ರಿಪೇರಿ ಮಾಡಿದ ಮೇಲೆ ಚಟ್ನಿಯನ್ನು ಗೋಡೆಯಿಂದ ಕೆರೆದು ತಿಂದಿದ್ದೇವೆ. ಆದರೆ ಕೀಯಲ್ಲಿ ವೈರಿಲ್ಲ, ಮೋಟಾರಿಲ್ಲ, ಸ್ಪ್ರಿಂಗಿಲ್ಲ. ಕೆಡಲು ಅದರಲ್ಲಿ ಏನಿದೆ, ನೀವೇ ಹೇಳಿ!

"ನಾಳೆ ಹನ್ನೊಂದಕ್ಕೆ ಕೇಕ್ ಸ್ಕೂಲಿಗೆ ತಲುಪಬೇಕು. ಅದನ್ನು ಮಾತ್ರ ಮರೀಬೇಡಿ," ಎಂದಳು ಹೆಂಡತಿ. ಆ ಸ್ಕೂಲಿನ ಹೆಡ್‌ಮಿಸ್ಸಿಗೆ ಮಾರನೆಯ ದಿನ ಬೀಳ್ಕೊಡುಗೆ. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಮೂರಂತಸ್ತಿನ ಕೇಕು, ಮೇಲೆ ಕ್ರೀಮಿನ ಕನ್ನಡಕ. ಅಲ್ಲಿಯವರೆಗೆ ನೆಂಟರ ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ ಕೇಕು ಮಾಡಿ "ಚೆನ್ನಾಗಿದೆ" ಎಂಬ ಪುಕ್ಕಟೆ ಮಾತು ಪಡೆದವಳಿಗೆ ಇದು ಮೊದಲ ದೊಡ್ಡ ಆರ್ಡರು. ಚೆನ್ನಾಗಿ ಬಂದರೆ ಮುಂದಿನ ಎಲ್ಲ ಸಮಾರಂಭಕ್ಕೂ ಅವಳಿಗೇ ಕೊಡುತ್ತೇವೆ ಎಂದಿದ್ದರಂತೆ. ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕೂದಲಲ್ಲೂ ಸಕ್ಕರೆ ಪುಡಿಯಿತ್ತು.

ಶಸ್ತ್ರಚಿಕಿತ್ಸೆ ವರಾಂಡದಲ್ಲಿ ಆರಂಭವಾಯಿತು. ಎಮರಿ ಪೇಪರಿನಿಂದ ಉಜ್ಜಿದೆ. ಹಳೇ ಬ್ರಷ್ಷಿಗೆ ಟೂತ್‌ಪೇಸ್ಟ್ ಹಾಕಿ ಕೀಯ ಹಲ್ಲುಗಳನ್ನೆಲ್ಲ ತಿಕ್ಕಿದೆ. ನನ್ನ ಹಲ್ಲನ್ನೂ ಅಷ್ಟು ಶ್ರದ್ಧೆಯಿಂದ ತಿಕ್ಕಿದವನಲ್ಲ! ತೊಳೆದು ಒರೆಸಿದಾಗ ಕೀ ಬಂಗಾರದ ಹಾಗೆ ಫಳಫಳ ಹೊಳೆಯಿತು. ಈಗ ಆ ಹೊಳಪು ಮಾಸದಂತೆ ಕಾಪಾಡುವುದು ಹೇಗೆ? ಹೆಂಡತಿಯ ಕನ್ನಡಿಯ ಮುಂದೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಾಟಲಿ ಕೂತಿತ್ತು. ಪಾತ್ರೆ ತಿಕ್ಕುವ ಕೈಯ ಉಗುರಿನ ಮೇಲೇ ವಾರಗಟ್ಟಲೆ ನಿಲ್ಲುವ ವಸ್ತು, ಸುಮ್ಮನೆ ಜೇಬಿನಲ್ಲಿರುವ ಕೀಯ ಮೇಲೆ ನಿಲ್ಲದೆ ಇದ್ದೀತೆ? ಒಂದು ಸಲ ಬಳಿದೆ. ಚೆನ್ನಾಗಿ ಕಂಡಿತು. ಇನ್ನೊಂದು ಸಲ ಬಳಿದೆ. ರಕ್ಷಣೆ ಹೆಚ್ಚಾದರೆ ಯಾರಿಗೇನು ನಷ್ಟ ಎಂದುಕೊಂಡು ಬಾಟಲಿ ಬರಿದಾಗುವವರೆಗೂ ಬಳಿದು, ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ನೇತುಹಾಕಿದೆ.

ಭಾನುವಾರ ಬೆಳಗ್ಗೆ ಉದ್ಘಾಟನೆ. ಗೇಟಿನ ಮುಂದೆ ನಿಂತಿದ್ದ ಕಾರಿನ ಬಾಗಿಲಿಗೆ ಕೀ ಹಾಕಿದೆ. ಸ್ವಲ್ಪ ಬಿಗಿಯೆನ್ನಿಸಿತು. ಹೊಸದಲ್ಲವೆ, ನಾಚಿಕೆಯಿರುತ್ತದೆ! ಬಾಗಿಲು ತೆಗೆದು ಒಳಗಿನ ಲಿವರ್ ಎಳೆದು ಡಿಕ್ಕಿ ತೆರೆದೆ. ನಾನೂ ಹೆಂಡತಿಯೂ ಉಸಿರು ಬಿಗಿಹಿಡಿದು, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಕೇಕಿನ ಪೆಟ್ಟಿಗೆಯನ್ನು ಒಳಗಿಟ್ಟೆವು. "ಹತ್ತೇ ನಿಮಿಷ, ತಲೆಗೆ ನೀರು ಹಾಕ್ಕೊಂಡು ಬರ್ತೀನಿ. ಏನೂ ಮುಟ್ಟಬೇಡಿ!" ಎಂದು ಅವಳು ಒಳಗೆ ಓಡಿದಳು.

ಮುಟ್ಟಬೇಡಿ ಎಂದರೆ ಕೇಕನ್ನು ತಾನೆ? ನಾನು ಕೇಕನ್ನು ಮುಟ್ಟಲಿಲ್ಲ. ಬೀದಿಯಲ್ಲಿ ಓಡಾಡುವ ಕಳ್ಳಬೆಕ್ಕಿನ ನೆನಪಾಗಿ ಡಿಕ್ಕಿ ಮುಚ್ಚಿ, ಕಾರಿನ ಬಾಗಿಲಿಗೆ ಬೀಗ ಹಾಕಿದೆ, ಅಷ್ಟೆ. ಕೀ ಅರ್ಧ ತಿರುಗಿತು, ಟಕ್ಕೆಂದು ಬಾಗಿಲುಗಳಿಗೆಲ್ಲ ಬೀಗ ಬಿತ್ತು. ಆಮೇಲೆ ಕೀ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ, ಹೊರಗಂತೂ ಜಪ್ಪಯ್ಯ ಎಂದರೂ ಬರಲಿಲ್ಲ. ಪೂರ್ತಿ ಒಣಗದ ಪಾಲಿಶ್ ಒಳಗೆ ಅಂಟಾಗಿ ಕೂತಿತ್ತು!

ಬಿಸಿಲು ಆಗಲೇ ಡಿಕ್ಕಿಯ ಮೇಲೆ ಏರಿತ್ತು. ಒಳಗೆ ಬೆಣ್ಣೆಯ ಕ್ರೀಮು!

ಅತ್ತೆ ವರಾಂಡದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಏನಾಯ್ತು ಅಳಿಯಂದ್ರೇ?"

"ಏನಿಲ್ಲ ಅತ್ತೆ, ಟೆಸ್ಟ್ ಮಾಡ್ತಿದ್ದೀನಿ."

"ಮಾಡಿ, ಮಾಡಿ."

ಹೊಲಿಗೆ ಯಂತ್ರದ ಎಣ್ಣೆ ತಂದು ಸುರಿದೆ. ಪ್ರಯೋಜನವಿಲ್ಲ. ಆಗ ಹೊಳೆಯಿತು ನೋಡಿ: ನೇಲ್ ಪಾಲಿಶಿಗೆ ಶತ್ರು ನೇಲ್ ಪಾಲಿಶ್ ರಿಮೂವರ್! ಓಡಿಹೋಗಿ ತಂದು ಬೀಗದ ಬಾಯಿಗೆ ಅರ್ಧ ಬಾಟಲಿ ಹೊಯ್ದೆ. ಪಾಲಿಶ್ ಕರಗಿತು. ಕರಗಿ ಇನ್ನೂ ಆಳಕ್ಕಿಳಿಯಿತು. ಉಳಿದ ದ್ರವ ಬಾಗಿಲಿನ ಮೇಲೆ ಹರಿದು, ಹರಿದಲ್ಲೆಲ್ಲ ಮಾವನವರು ಜೋಪಾನ ಮಾಡಿದ್ದ ನೀಲಿ ಬಣ್ಣವನ್ನು ಕಿತ್ತುಕೊಂಡು ಹೋಯಿತು. ಒರೆಸಿದರೆ ಗೀರು ಅಗಲವಾಯಿತು. ಇನ್ನಷ್ಟು ಒರೆಸಿದರೆ ಬಾಗಿಲಿನ ಮೇಲೆ ಯಾವುದೋ ದೇಶದ ಭೂಪಟ ಮೂಡಿತು!

"ಅಳಿಯಂದ್ರೇ, ಬಾಗಿಲಿಗೂ ಹೊಸ ಬಣ್ಣ ಹಾಕ್ತಿದ್ದೀರಾ?"

"ಇಲ್ಲ ಅತ್ತೆ... ಹಳೇದು ತೆಗೀತಿದ್ದೀನಿ."

ಮೊದಲು ಕೇಕು ಉಳಿಯಬೇಕು. ಹೊದಿಕೆಯೊಂದನ್ನು ಒದ್ದೆ ಮಾಡಿ ಡಿಕ್ಕಿಯ ಮೇಲೆ ಹಾಸಿದೆ. ಅದರ ಮೇಲೆ ಛತ್ರಿ ಬಿಚ್ಚಿ ಹಿಡಿದೆ. ನಾನು ಬಿಸಿಲಲ್ಲಿ, ಡಿಕ್ಕಿ ನೆರಳಲ್ಲಿ! ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದು ಕೈಯಿಂದ ಕೀ ಎಳೆಯಲು ನಾನೇನು ಮಾರುದ್ದದ ಕೈಯವನೆ? ಕೊನೆಗೆ ಛತ್ರಿಯನ್ನು ಹೊದಿಕೆಯ ಮೇಲೆ ಒರಗಿಸಿ, ಇಕ್ಕಳ ತಂದು, ಹಲ್ಲು ಕಚ್ಚಿ ಒಮ್ಮೆ ತಿರುವಿದೆ.

ಕಟಕ್!

ಕೀ ಹೊರಬಂತು. ಅಂದರೆ ಅದರ ತಲೆ ಬಂತು. ಮೈ ಒಳಗೇ ಉಳಿಯಿತು. ಕೈಯಲ್ಲಿದ್ದ ಅರ್ಧ ಮಾತ್ರ, ಸುಳ್ಳು ಹೇಳಬಾರದು, ಬಂಗಾರದ ಹಾಗೇ ಹೊಳೆಯುತ್ತಿತ್ತು.

ಅಷ್ಟರಲ್ಲಿ ಹೆಂಡತಿ ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದಳು. ಛತ್ರಿ ನೋಡಿದಳು. ಹೊದಿಕೆ ನೋಡಿದಳು. ಭೂಪಟ ನೋಡಿದಳು. ನನ್ನ ಕೈ ನೋಡಿದಳು.

"ಕೇಕ್ ಎಲ್ಲಿ?"

"ಒಳಗೆ."

"ಕೀ?"

"ಅದೂ... ಒಳಗೆ. ಸ್ವಲ್ಪ ಹೊರಗೆ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ. ಅವಳ ಕಣ್ಣು ತುಂಬಿ ಬಂತು. ಸಕ್ಕರೆ ಪುಡಿ ತೊಳೆದುಹೋದ ಆ ಮುಖದಲ್ಲಿ ಆಯಾಸ ಎದ್ದು ಕಾಣುತ್ತಿತ್ತು. ನನಗೆ ನಿಜಕ್ಕೂ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. "ತಪ್ಪಾಯ್ತು ಕಣೇ. ಗಾಜು ಒಡೆದಾದ್ರೂ ತೆಗೀತೀನಿ," ಎಂದು ಕಲ್ಲು ಹುಡುಕಲು ಬಗ್ಗಿದೆ.

"ದಯವಿಟ್ಟು ಏನೂ ಮಾಡಬೇಡಿ!"

ಕಣ್ಣೊರೆಸಿಕೊಂಡು ಅವಳು ಕಾರಿನ ಹಿಂದೆ ಹೋದಳು. ಹೊದಿಕೆ ತೆಗೆದು ನನ್ನ ಹೆಗಲಿಗೆ ಎಸೆದಳು. ಡಿಕ್ಕಿಯ ಹಿಡಿಯನ್ನು ತುಸು ಮೇಲಕ್ಕೆತ್ತಿ, ಸೊಂಟದಿಂದ ಒಂದು ಗುದ್ದು ಕೊಟ್ಟಳು.

ಡಿಕ್ಕಿ ಬಾಯಿ ತೆರೆಯಿತು!

ಒಳಗೆ ಕೇಕು ಕ್ಷೇಮವಾಗಿತ್ತು. ಕ್ರೀಮಿನ ಕನ್ನಡಕ ಮಾತ್ರ ಮೂಗಿನಿಂದ ಜಾರಿದ ಹಾಗೆ ಸ್ವಲ್ಪ ಕೆಳಗಿಳಿದಿತ್ತು. "ಹೆಡ್‌ಮಿಸ್ ಹಾಕ್ಕೊಳ್ಳೋದೂ ಹೀಗೇನೇ," ಎಂದು ಅವಳೇ ಸಮಾಧಾನ ಹೇಳಿಕೊಂಡಳು.

"ಇದು... ಇದು ಹೀಗೆ ತೆರೆಯುತ್ತಾ? ಯಾವಾಗಿಂದ?"

"ಅದರ ಬೀಗ ಕೆಟ್ಟು ಎಷ್ಟೋ ಕಾಲ ಆಯ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ರಿಪೇರಿ ಮಾಡ್ತಿದ್ರಿ!"

ನಾನು ಅತ್ತೆಯ ಕಡೆ ತಿರುಗಿದೆ. "ಅತ್ತೆ, ನಿಮಗೂ ಗೊತ್ತಿತ್ತಾ? ಅಷ್ಟು ಹೊತ್ತು ನಾನು ಇಲ್ಲಿ ಬೆವರು ಸುರಿಸ್ತಾ ಇದ್ರೆ ಸುಮ್ಮನೆ ನೋಡ್ತಾ ಕೂತಿದ್ರಾ?"

"ಏನ್ಮಾಡ್ಲಿ? ನಿಮ್ಮ ಕಿವಿಗೆ ಮಾತ್ರ ಬೀಳಬಾರದು ಅಂತ ಇವಳು ಮಾತು ತಗೊಂಡಿದ್ಲು. ಕೊಟ್ಟ ಮಾತಿಗೆ ತಪ್ಪೋಕಾಗುತ್ತಾ?"

ಎದುರು ಮನೆಯ ಲಾಂಡ್ರಿಯವರು ಗಲಾಟೆ ಕೇಳಿ ತಮ್ಮ ವ್ಯಾನ್ ತಂದರು. ಇಸ್ತ್ರಿಯಾದ ಬಟ್ಟೆಗಳ ನಡುವೆ ಕೇಕು ರಾಜಗಾಂಭೀರ್ಯದಿಂದ ಕೂತಿತು. ಹೆಂಡತಿ ಮುಂದಿನ ಸೀಟು ಹತ್ತಿದಳು. ನಾನು ಕನಿಷ್ಠಪಕ್ಷ ಡಿಕ್ಕಿಯನ್ನಾದರೂ ಭದ್ರವಾಗಿ ಮುಚ್ಚಿ ಜವಾಬ್ದಾರಿ ಮೆರೆದೆ.

"ಅಯ್ಯೋ, ಕೇಕ್ ಕತ್ತರಿಸೋ ಚಾಕು ಡಿಕ್ಕಿಯಲ್ಲೇ ಉಳೀತು!" ಎಂದಳವಳು.

ಇದೋ ಬಂತು ನನ್ನ ಗಳಿಗೆ! "ನೀನು ಇಳೀಬೇಡ, ನಾನಿದ್ದೀನಿ!" ಎಂದು ಎದೆಯುಬ್ಬಿಸಿ ಹೋಗಿ, ಹಿಡಿ ಎತ್ತಿ, ಸೊಂಟದಿಂದ ಗುದ್ದಿದೆ. ಡಿಕ್ಕಿ ಕದಲಲಿಲ್ಲ. ಇನ್ನೂ ಜೋರಾಗಿ ಗುದ್ದಿದೆ. ಸೊಂಟವೇ ಉಳುಕಿತು.

ಲಾಂಡ್ರಿಯವರು ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಬಲ ಸೊಂಟ ಅಲ್ಲ ಸಾರ್, ಎಡ ಸೊಂಟ!"