ಹಡಗಿನ ಫಾರ್ಮಲ್ ಊಟಕ್ಕ ಏನ ಉಡೂದು?

ನಮ್ಮ ಮನೆಯವರು ಊರು ಬಿಟ್ಟು ಎಲ್ಲಿಗೆ ಹೊರಟರೂ ಟಿಕೆಟ್ಟಿನಿಂದ ತೊಂದರೆ ಆಗುವುದಿಲ್ಲ, ದಾರಿಯಿಂದಲೂ ಆಗುವುದಿಲ್ಲ, ಬಟ್ಟೆಯಿಂದ ಆಗುತ್ತದೆ. ಹಡಗು ಹತ್ತಿದ ವರ್ಷವಂತೂ ಹದಿನೈದು ದಿನ ಮೊದಲೇ ಶುರುವಾಗಿತ್ತು.

೧. ಚೀಟಿ

ಚಿಕ್ಕೋಡಿಯಲ್ಲಿ ನಮ್ಮ ಯಜಮಾನರದು ಹನಿ ನೀರಾವರಿಯ ಡ್ರಿಪ್ ಪೈಪಿನ ಅಂಗಡಿ. ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು, ಚಲೋ ಮಾರಾಟ ಆಯಿತೆಂದು ಕಂಪನಿಯವರು ನಮ್ಮ ಮನೆಯ ನಾಲ್ವರಿಗೆ ಸಿಂಗಾಪುರದಿಂದ ಹಡಗಿನ ಪ್ರವಾಸ ಇನಾಮು ಕೊಟ್ಟರು: ಯಜಮಾನರು, ನಾನು, ಅತ್ತೆ, ಮಾವ. ಜೊತೆಗೊಂದು ಚೀಟಿ ಬಂತು. ಮೂರನೇ ದಿನ ಸಂಜೆ ಕ್ಯಾಪ್ಟನ್ನರ ಊಟ, ಅಲ್ಲೇ ಕಂಪನಿಯ ಡೀಲರುಗಳಿಗೆ ಬಹುಮಾನ, ಉಡುಪು ಫಾರ್ಮಲ್ ಇರಬೇಕು, ಜೀನ್ಸು ಮತ್ತು ಚಡ್ಡಿಯವರಿಗೆ ಪ್ರವೇಶ ಇಲ್ಲ.

ಫಾರ್ಮಲ್ ಅಂದರೆ ಏನು? ನಾನು ಕಲಿಸುವ ಶಾಲೆಯ ಇಂಗ್ಲಿಷ್ ಮಾಸ್ತರರನ್ನು ಕೇಳಿ ಬಂದು, ಆಫೀಸಿಗೆ ಹೋಗುವಾಗ ಹಾಕುವ ಬಟ್ಟೆಯಂತೆ ಎಂದು ಮನೆಯಲ್ಲಿ ಹೇಳಿದೆ. ಯಜಮಾನರು ತಂದೆಯ ಧೋತರದ ಕಡೆ ನೋಡಿದರು. ಮಾವ ಹುಟ್ಟಿದಾಗಿನಿಂದ ಪ್ಯಾಂಟು ಏರಿಸಿದವರಲ್ಲ. ಅವರು ಶಾಂತವಾಗಿ ಹೇಳಿದರು: "ತಹಸೀಲ್ದಾರ್ ಆಫೀಸಿಗೆ ನಾ ಇದ್ರಾಗ ಹೋಗಿನಿ. ಹೊಲದ ಪಹಣಿ ಉತಾರ ಕೊಟ್ಟ ಕಳಿಸ್ಯಾರ."

೨. ಕೋಟು

ಯಜಮಾನರ ಲಗ್ನದ ಕೋಟಿನ ಗುಂಡಿಗೂ ಕಾಜಿಗೂ ನಡುವೆ ಒಂದು ಗೇಣು ಅಂತರ ಬಿದ್ದಿತ್ತು. ಹೊಸ ಕೋಟು, ಪ್ಯಾಂಟು ಹೊಲಿಸಲು ನಿಪ್ಪಾಣಿಯ ಟೇಲರನ ಹತ್ತಿರ ಹೋದೆವು. ಅಳತೆ ತೆಗೆಯುತ್ತ ಅವನು ಯಾರ ಲಗ್ನ ಎಂದು ಕೇಳಿದ. ಹಡಗು ಗಿಡಗು ಎಂದರೆ ಊರೆಲ್ಲ ಆಡಿಕೊಂಡಾರು ಎಂದು ಯಜಮಾನರು "ಮನ್ಯಾಂದ ಐತಿ" ಅಂದುಬಿಟ್ಟರು. ಅದೇ ದಿನ ನಾನು ರೇಷ್ಮೆ ಸೀರೆ ಕೊಂಡೆ, ಅತ್ತೆ ಒಂದು ಕೊಂಡರು.

ನಾಲ್ಕನೇ ದಿನಕ್ಕೆ ಅಥಣಿಯಿಂದ ನಾದಿನಿ ಬಂದಳು. ಚಪ್ಪಲಿ ಬಿಟ್ಟವಳೇ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು. ನೀರು ಮುಟ್ಟಲಿಲ್ಲ, ಚಹಾ ಮುಟ್ಟಲಿಲ್ಲ. ಕಣ್ಣು ಕೆಂಪಾಗಿದ್ದವು. "ವೈನಿ, ನಿಮ್ಮ ಮಗಳ ಲಗ್ನ ಗೊತ್ತಾಗೇತಂತ. ಅಕೀ ಅಪ್ಪನ ತಂಗಿ, ಸ್ವಾದರತ್ತಿ ನಾ. ಮಂದೀ ಬಾಯಿಂದ ಕೇಳಬೇಕಾತು."

ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳಿಗೆ ಈ ಸುದ್ದಿ ಮುಟ್ಟಿದರೆ ಏನಾದೀತೋ ಎಂದು ನಾನು ಕೂತಲ್ಲಿಂದ ಎದ್ದೆ. ಓಡಿ ಹೋಗಿ ಚೀಟಿ ತಂದು ಕೈಗೆ ಕೊಟ್ಟೆ. ಲಗ್ನ ಇಲ್ಲ, ಹಡಗು, ಇಷ್ಟೇ ಎಂದೆ. ನಾದಿನಿ ಚೀಟಿಯನ್ನು ಎರಡು ಸಲ ಓದಿ, ಮಡಚಿ ಮೇಜಿನ ಮೇಲಿಟ್ಟು ಎದ್ದು ನಿಂತಳು.

"ಲಗ್ನಾ ಆಗಿದ್ರ ಕರಿಯೂದ ಮರತೀರಿ ಅಂತ ಸುಮ್ಮ ಆಗತಿದ್ದೆ," ಅಂದಳು. "ನನ್ನ ಬಿಟ್ಟ ಹಡಗಾ ಹತ್ತಾಕತ್ತೀರಿ, ಇದನ್ನ ಹೆಂಗ ಮರೀಲಿ?"

೩. ಊಟದ ಹೊತ್ತು

ಹಡಗಿನಲ್ಲಿ ಎರಡು ದಿನ ಚಲೋ ಕಳೆದವು. ಮೂರನೇ ದಿನ ಮಧ್ಯಾಹ್ನ ತಂದೆ ಮಗ ಮಾತು ಬಿಟ್ಟರು. ಬಾಗಿಲಲ್ಲಿ ನಿಲ್ಲಿಸಿದರೆ ಎಲ್ಲ ಡೀಲರುಗಳ ಎದುರು ಮರ್ಯಾದೆ ಹೋಗುತ್ತದೆ, ಅಪ್ಪ ರೂಮಿನಲ್ಲೇ ಇರಲಿ ಎಂದು ಯಜಮಾನರು ನನ್ನ ಹತ್ತಿರ ಹೇಳಿದ್ದು ಮಾವನ ಕಿವಿಗೆ ಬಿದ್ದಿತ್ತು. ಅವರು ಬರದಿದ್ದರೆ ನಾನೂ ಒಲ್ಲೆ ಎಂದು ಅತ್ತೆ ಹೊಸ ಸೀರೆಯನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟರು.

ನಾವು ಜೈನರು. ಮಾವ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಕಿಟಕಿಯಲ್ಲಿ ಸೂರ್ಯನನ್ನು ನೋಡಿಕೊಂಡು ಐದೂವರೆಗೇ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಕೈ ತೊಳೆದರು. ಯಜಮಾನರಿಗೆ ತಪ್ಪಿನ ಅರಿವಾಯಿತೋ ಏನೋ, ಹೆದರುತ್ತಲೇ ಹತ್ತಿರ ಬಂದು, ನೀವೂ ಬರ್ರಿ ಅಪ್ಪಾ, ಇರುವುದನ್ನೇ ಉಟ್ಟುಕೊಳ್ಳಿರಿ ಎಂದರು.

ಮಾವ ಅವರನ್ನು ತಲೆಯಿಂದ ಕಾಲತನಕ ನೋಡಿದರು. "ಉಂಡು ಮುಗಿಸಿದಾಂವಗ ಉಡೂದ್ ಹೇಳಿಕೊಡಾಕ ಬಂದಿ," ಅಂದರು. "ನೀ ಮೊದಲ ಉಸರ ಬಿಡೂವಂಥಾ ಪ್ಯಾಂಟ್ ಹಾಕ್ಕೊ."

೪. ಬಹುಮಾನ

ಊಟಕ್ಕೆ ಅರ್ಧ ತಾಸು ಇತ್ತು. ಯಜಮಾನರು ಬೂಟಿನ ಲಾಡಿ ಕಟ್ಟಲು ಬಗ್ಗಿದರು. ಪರ್‌ ಎಂದು ಸದ್ದಾಯಿತು. ಮೂರು ದಿನ ಹಡಗಿನ ಊಟ ಉಂಡ ಮೈ. ನಾನು ಸೂಜಿ ದಾರ ಹಿಡಿದು ಓಡಿದೆ, ಆದರೆ ಬಿಚ್ಚಿದ್ದು ಹೊಲಿಗೆಯಲ್ಲ, ಪ್ಯಾಂಟಿನ ಬಟ್ಟೆಯೇ ಹರಿದಿತ್ತು. ಉಳಿದದ್ದು ಒಂದು ಜೀನ್ಸು, ಎರಡು ಚಡ್ಡಿ. ಯಜಮಾನರು ಮಂಚದ ತುದಿಯಲ್ಲಿ ಕೂತು ತಲೆ ಹಿಡಿದುಕೊಂಡರು. ವರ್ಷವಿಡೀ ದುಡಿದು ಪಡೆದ ಬಹುಮಾನ, ಹೆಸರು ಕೂಗುವ ಹೊತ್ತಿಗೆ ಆಸಾಮಿ ಇಲ್ಲ.

ಮಾವ ತಮ್ಮ ಚೀಲದಿಂದ ಎರಡನೇ ಧೋತರ ತೆಗೆದು ಝಾಡಿಸಿದರು. "ಏಳು," ಅಂದರು. ನಲವತ್ತೆಂಟು ವರ್ಷದ ಮಗನನ್ನು ನಿಲ್ಲಿಸಿ ನಿರಿಗೆ ಹಿಡಿದರು, ಕಚ್ಚೆ ಸಿಗಿಸಿದರು, ಮೇಲೆ ಹೊಸ ಕೋಟು ಹಾಕಿಸಿದರು. ತಾವೂ ಕರೇ ಕೋಟು ತೊಟ್ಟು ತಲೆಗೆ ಪಟಗಾ ಸುತ್ತಿಕೊಂಡರು. ಅತ್ತೆ ಪೆಟ್ಟಿಗೆಯಿಂದ ಸೀರೆ ತೆಗೆದರು.

ಬಾಗಿಲಲ್ಲಿ ಒಬ್ಬ ಹುಡುಗಿ ಎಲ್ಲರ ಉಡುಪು ನೋಡಿ ಒಳಗೆ ಬಿಡುತ್ತಿದ್ದಳು. ನಮ್ಮ ಮುಂದಿದ್ದ ಜೀನ್ಸಿನವನನ್ನು ಹಿಂದಕ್ಕೆ ಕಳಿಸಿದಳು. ನಮ್ಮ ಸರದಿ ಬಂತು. ಅವಳು ಮಾವನನ್ನು ನೋಡಿದಳು, ಯಜಮಾನರನ್ನು ನೋಡಿದಳು, ಕೈ ಮುಗಿದು ಬಾಗಿಲು ತೆರೆದಳು. ಮುಂದಿನ ಮೇಜೇ ಕೊಟ್ಟಳು.

ಹೆಸರು ಕೂಗಿದರು. ಯಜಮಾನರು ಸಣ್ಣ ಸಣ್ಣ ಹೆಜ್ಜೆ ಇಡುತ್ತ ವೇದಿಕೆ ಹತ್ತಿದರು. ಮೂರನೇ ಮೆಟ್ಟಿಲಿಗೆ ಸೊಂಟದ ಗಂಟು ಸಡಿಲಾದದ್ದು ನನಗೆ ಕಂಡಿತು. ಎಡಗೈ ಕೋಟಿನೊಳಗೆ ಹೋಯಿತು, ಮರುಕ್ಷಣ ಬಲಗೈಯೂ ಹೋಯಿತು. ಕ್ಯಾಪ್ಟನ್ ಕೈ ಚಾಚಿದರು. ಯಜಮಾನರು ಕೈ ಕೊಡಲಿಲ್ಲ. ಕ್ಯಾಪ್ಟನ್ ಬಹುಮಾನದ ಫಲಕ ಮುಂದೆ ಹಿಡಿದರು, ಯಜಮಾನರು ಅದನ್ನೂ ತೆಗೆದುಕೊಳ್ಳಲಿಲ್ಲ. ಕಂಪನಿಯ ಮ್ಯಾನೇಜರರ ಮುಖ ಬಿಳಚಿತು.

ಮಾವ ಎದ್ದು ಸಾವಕಾಶ ವೇದಿಕೆ ಹತ್ತಿದರು. ಕ್ಯಾಪ್ಟನ್ನರ ಕೈಯನ್ನು ತಾವೇ ಕುಲುಕಿ, ಫಲಕವನ್ನು ಬಗಲಲ್ಲಿ ಇಟ್ಟುಕೊಂಡು, ಮ್ಯಾನೇಜರರ ಕಡೆ ತಿರುಗಿ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿರಿ ಎಂದರು.

"ಸಾಹೇಬ್ರ ತಪ್ಪ ತಿಳೀಬಾರದು. ನನ್ನ ಮಗಾ ಈಗ ಕೈ ಬಿಟ್ಟಂದ್ರ ಫಾರ್ಮಲ್ ಉಳಿಯೂದಿಲ್ಲ."