ಹಲ್ಲು ಕಡಿಯದ ದಿನ

"ತಿಂಡಿಯಲ್ಲಿ ಕಲ್ಲು!" ಎಂದು ಕೂಗಿ ಅವನು ತಟ್ಟೆಯನ್ನು ಆಚೆಗೆ ತಳ್ಳಿದ.

ಹೆಂಡತಿ ಒಲೆ ಆರಿಸಿ ಬಂದು, ಅವನ ಅಂಗೈಯಲ್ಲಿದ್ದ ಬಿಳಿಯ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಕಲ್ಲಲ್ಲ ರೀ, ನಿಮ್ಮದೇ ಹಲ್ಲು. ನಿದ್ದೇಲಿ ಕಟಕಟ ಅಂತ ಕಡೀತಾನೇ ಇರ್ತೀರಲ್ಲ, ಮುರಿಯದೆ ಇರತ್ತಾ?"

"ನಾನೆಲ್ಲಿ ಕಡೀತೀನಿ?"

ಮೆಟ್ಟಿಲ ಮೇಲೆ ಕಿವಿ ಇಟ್ಟುಕೊಂಡೇ ಕೂತಿದ್ದವರಂತೆ ಮಹಡಿಮನೆಯ ಅಜ್ಜಿ ತಟ್ಟನೆ ಒಳಗೆ ಬಂದರು. "ಅಯ್ಯೋ, ಆ ಸದ್ದು ನಿಂದೇನಪ್ಪಾ? ಇಲಿ ಅಂದ್ಕೊಂಡು ದಿನಾ ಬೋನು ಇಡ್ತಿದ್ದೆ. ಒಂದೂ ಬೀಳಲಿಲ್ಲ ಅಂತ ಪಾಪ, ಬೋನು ಮಾರಿದೋನಿಗೆ ಬಾಯಿಗೆ ಬಂದಹಾಗೆ ಬೈದು ಬಂದೆ!"

ಅವನು ಕನ್ನಡಿಯ ಮುಂದೆ ಬಾಯಿ ತೆರೆದ. ದವಡೆಯ ಹಲ್ಲಿನ ಮೂಲೆಯೇ ಹಾರಿಹೋಗಿತ್ತು. ಉಳಿದ ಹಲ್ಲುಗಳೂ ಸವೆದ ಚಪ್ಪಲಿಯ ಅಟ್ಟೆಯಂತೆ ಮಟ್ಟಸವಾಗಿದ್ದವು.

ಹಲ್ಲಿನ ಡಾಕ್ಟರು ಒಂದೊಂದೇ ಹಲ್ಲನ್ನು ತಟ್ಟಿ ನೋಡಿ ಕೇಳಿದರು: "ಏನು ಕೆಲಸ ನಿಮ್ಮದು?"

"ಮಿಕ್ಸಿ, ಫ್ಯಾನು, ಬಟ್ಟೆ ಒಗೆಯೋ ಮೆಷಿನ್ನು ಮಾರೋ ಅಂಗಡೀಲಿ ಸಾರ್. ದೂರಿನ ಕೌಂಟರು."

"ಅಂದ್ರೆ ಜನ ಬಂದು ಬೈತಾರೆ."

"ಬರೋದೇ ಬೈಯೋಕೆ ಸಾರ್."

"ನೀವು ತಿರುಗಿಸಿ ಬೈಯೋ ಹಾಗಿಲ್ಲ. ಆ ಸಿಟ್ಟನ್ನೆಲ್ಲಾ ಹಲ್ಲಿನ ಮೇಲೆ ತೀರಿಸ್ಕೋತಿದೀರಿ. ಹಗಲು ಕಚ್ಚಿ ಹಿಡೀತೀರಿ, ರಾತ್ರಿ ಕಡೀತೀರಿ." ಡಾಕ್ಟರು ಹಲ್ಲು ಕಾಯುವ ಒಂದು ಪ್ಲಾಸ್ಟಿಕ್ ಗಾರ್ಡನ್ನು ಬಿಸಿನೀರಲ್ಲಿ ಅದ್ದಿ, ಅವನ ಬಾಯಿಗಿಟ್ಟು ಕಚ್ಚಿಸಿ, ಹಲ್ಲಿನ ಅಳತೆಗೆ ಕೂರಿಸಿದರು. "ಮಲಗುವಾಗ ಇದನ್ನ ಹಾಕ್ಕೊಳ್ಳಿ. ಎಚ್ಚರ ಇದ್ದಾಗ ತುಟಿ ಮುಚ್ಚಿರಲಿ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದಿರಲಿ, ನಾಲಿಗೆ ಮೇಲಿನ ಅಂಗುಳಕ್ಕೆ ತಾಗಿ ಸುಮ್ಮನಿರಲಿ. ಪೆನ್ನು ಕಚ್ಚಬೇಡಿ. ಸಂಜೆ ಮೇಲೆ ಟೀ ಬಿಡಿ. ದವಡೆಗೆ ಬಿಸಿಬಟ್ಟೆ ಶಾಖ ಕೊಡಿ. ಮುಖ್ಯವಾಗಿ, ಆಗೋದಾದ್ರೆ ಆ ಸೀಟು ಬಿಡಿ. ಇಲ್ದಿದ್ರೆ ಇನ್ನು ಸ್ವಲ್ಪ ದಿನಕ್ಕೆ ಗಂಜಿನೇ ಗತಿ."

ಸೀಟು! ಅವನಿಗೆ ತಟ್ಟನೆ ಹೊಳೆಯಿತು. ಅಂಗಡಿಯ ನೆಲಮಾಳಿಗೆಯ ಸ್ಟೋರ್ ರೂಮಿನವರು ಮೊನ್ನೆಯಷ್ಟೇ ನಿವೃತ್ತರಾಗಿದ್ದರು. ಆ ಜಾಗಕ್ಕೆ ಯಾರೆಂದು ಮ್ಯಾನೇಜರು ಇವತ್ತು ಸಂಜೆ ಹೇಳುವವರಿದ್ದರು. ಸ್ಟೋರ್ ರೂಮಿನಲ್ಲಿ ಇರುವುದು ರಟ್ಟಿನ ಪೆಟ್ಟಿಗೆಗಳು ಮಾತ್ರ. ಪೆಟ್ಟಿಗೆ ಬೈಯುವುದಿಲ್ಲ. ಸಂಜೆಯವರೆಗೆ ಒಂದು ತಪ್ಪೂ ಮಾಡದೆ, ಒಳ್ಳೆ ಹೆಸರು ತೆಗೆದುಕೊಂಡು, ಆ ಜಾಗ ಕೇಳಿಯೇ ಬಿಡಬೇಕು. ಮಲಗುವಾಗ ಹಾಕುವ ಗಾರ್ಡನ್ನು ಹಗಲಲ್ಲೂ ಹಾಕಿಕೊಂಡರೆ ಹಲ್ಲಿಗೆ ಇನ್ನೂ ಕ್ಷೇಮ ಎಂದುಕೊಂಡು ಅದನ್ನು ಬಾಯಲ್ಲೇ ಇಟ್ಟುಕೊಂಡು ಓಡಿದ.

ಅಂಗಡಿಯಲ್ಲಿ ಅವನಿಗೆ ದೂರಪ್ಪ ಎಂದು ಹೆಸರು. ಪಕ್ಕದ ಬಿಲ್ಲಿನ ಕೌಂಟರಿನವನಿಗೆ ಸಲಹೆಸ್ವಾಮಿ ಎಂದು ಹೆಸರು. ಕೇಳಲಿ ಬಿಡಲಿ, ಅವನ ಬಾಯಿಂದ ಸಲಹೆ ಉದುರುತ್ತಲೇ ಇರುತ್ತಿತ್ತು.

"ಏನಯ್ಯಾ ದೂರಪ್ಪ, ಬಾಯಿ ಕೋತಿ ಥರ ಮುಂದಕ್ಕೆ ಬಂದಿದೆ?"

"ಥಲ್ಲಿಂದು ಗಾಲ್ಡು," ಎಂದ ದೂರಪ್ಪ. ಅಷ್ಟರಲ್ಲಿ ಜೊಲ್ಲು ಸುರಿಯಿತು. ಇನ್ನು ಬಾಯಿ ಬಿಡುವುದೇ ಬೇಡವೆಂದು ಕೌಂಟರಿನ ಹಿಂದೆ ಕೂತ. ಡಾಕ್ಟರು ಹೇಳಿದ್ದನ್ನೆಲ್ಲಾ ಚೀಟಿಯಲ್ಲಿ ಬರೆದು ತೋರಿಸಿದ.

"ಅಷ್ಟೇನಾ? ನಾನಿದೀನಿ ಬಿಡು," ಎಂದು ಸಲಹೆಸ್ವಾಮಿ ಬಿಲ್ಲು ಮಾಡುವುದನ್ನು ಅಲ್ಲೇ ಬಿಟ್ಟು, ಕುರ್ಚಿ ಎಳೆದುಕೊಂಡು ಬಂದ.

ಮೊದಲು ಬಂದದ್ದು ಮಿಕ್ಸಿ ಹೊತ್ತ ಒಬ್ಬ ದಪ್ಪ ಮೀಸೆಯವರು. "ಏನ್ರೀ ಇದು? ಮುಚ್ಚಳ ಹಾರಿ ನಮ್ಮತ್ತೆ ಹಣೆಗೆ ಬಿತ್ತು! ಅತ್ತೆ ನಾನೇ ಬೇಕಂತ ಮಾಡಿದ್ದು ಅಂತಾರೆ! ನಿಮಗೆ ಮಾನ ಮರ್ಯಾದೆ ಇದೆಯೇನ್ರೀ?"

ದೂರಪ್ಪನ ದವಡೆ ಬಿಗಿಯಿತು. "ಬಿಡು, ಬಿಡು! ಹಲ್ಲು ದೂರ! ನಾಲಿಗೆ ಅಂಗುಳಕ್ಕೆ!" ಎಂದು ಸಲಹೆಸ್ವಾಮಿ ಕಿವಿಯಲ್ಲಿ ಪಿಸುಗುಟ್ಟಿದ. ದೂರಪ್ಪ ಹಲ್ಲು ಸಡಿಲಿಸಿ, ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟು, "ಹ್ಞೂಂ..." ಎಂದ. ಗಾರ್ಡು ತುಟಿಯನ್ನು ಎರಡೂ ಕಡೆ ಎಳೆದಿತ್ತು. ನೋಡುವವರಿಗೆ ಅದು ಹಸುಗೂಸಿನ ನಗುವಿನ ಹಾಗಿತ್ತು.

ಮೀಸೆಯವರು ಕಾದರು. ತಿರುಗಿ ಮಾತು ಬರಲಿಲ್ಲ. "ಅಂದ್ರೆ... ನಿಮ್ಮ ತಪ್ಪಿಲ್ಲ ಬಿಡಿ," ಎಂದರು. ಇನ್ನೊಂದು "ಹ್ಞೂಂ"ಗೆ ಅವರ ಕಣ್ಣು ತುಂಬಿತು. "ಮದುವೆ ಆದಾಗಿಂದ ನನ್ನ ಮಾತು ಇಷ್ಟು ಹೊತ್ತು ಯಾರೂ ಕೇಳಿಲ್ಲ ಸ್ವಾಮಿ," ಎಂದು ದೂರಪ್ಪನ ಕೈ ಕುಲುಕಿ, ಮಿಕ್ಸಿ ರಿಪೇರಿಗೆ ಕೊಟ್ಟು ಹೋದರು.

ಆಮೇಲೆ ನಡೆದದ್ದು ಜಾತ್ರೆ. ಫ್ಯಾನು ತಿರುಗದವರು, ಮೆಷಿನ್ನಿನಲ್ಲಿ ಸೀರೆ ಹರಿದವರು, ಇಸ್ತ್ರಿಪೆಟ್ಟಿಗೆಯಲ್ಲಿ ಅಂಗಿ ಸುಟ್ಟವರು, ಹುಲಿಯ ಹಾಗೆ ಬಂದು ಇಲಿಯ ಹಾಗೆ ಹೋದರು. ಒಬ್ಬ ಹೆಂಗಸು ಫ್ಯಾನಿನ ವಿಷಯ ಮುಗಿಸಿ ಓರಗಿತ್ತಿಯ ವಿಷಯ ಶುರುಮಾಡಿದಳು. ಏನೂ ಕೊಳ್ಳದ ಒಬ್ಬ ತಾತ, "ನನ್ನದೂ ಸ್ವಲ್ಪ ಕೇಳಪ್ಪ," ಎಂದು ಸಾಲಿನಲ್ಲಿ ನಿಂತರು. ದೂರಪ್ಪನಿಗೆ ಒಳಗೊಳಗೇ ಹಿಗ್ಗು. ಹಲ್ಲಿಗೆ ಹಲ್ಲು ತಾಗಿಲ್ಲ, ದವಡೆ ಹೂವಿನಷ್ಟು ಹಗುರ! ಗಾಜಿನ ಕೋಣೆಯಿಂದ ಮ್ಯಾನೇಜರು ಎದ್ದು ನಿಂತು ನೋಡುತ್ತಿದ್ದರು. ಸ್ಟೋರ್ ರೂಮಿನ ಬೀಗದ ಕೈ ಆಗಲೇ ಜೇಬಿಗೆ ಬಿದ್ದಂತೆ ದೂರಪ್ಪನಿಗೆ ಅನ್ನಿಸಿತು.

ಇತ್ತ ಬಿಲ್ಲಿನ ಕೌಂಟರಿನ ಮುಂದೆ ಸಾಲು ಬಾಗಿಲು ದಾಟಿತ್ತು. "ರೀ, ಅಲ್ಲೇನು ಹರಟೆ ಹೊಡೀತೀರಾ? ದುಡ್ಡು ತಗೊಳ್ಳೋಕೂ ನಾವು ಕೈ ಮುಗೀಬೇಕಾ?" ಎಂದು ಜನ ಕೂಗಿದರು.

"ಬಂದೆ ಅಂದೆನಲ್ಲ!" ಎಂದು ಸಲಹೆಸ್ವಾಮಿ ಓಡಿದ. ಅವಸರದಲ್ಲಿ ಒಬ್ಬರ ಬಿಲ್ಲು ಇನ್ನೊಬ್ಬರಿಗೆ ಕೊಟ್ಟ. ಅವರು ಬೈದರು, ಇವನು ಬೈದ. ಕೊನೆಗೆ ಮಾತು ಸಾಲದೆ ಹಲ್ಲು ಕಡಿದ. ಆ ಕಟಕಟ ಸದ್ದಿಗೆ ಸಾಲಿನಲ್ಲಿದ್ದ ಮಗುವೊಂದು ಹೆದರಿ ಅತ್ತಿತು. ಮ್ಯಾನೇಜರು ಗಾಜಿನ ಬಾಗಿಲು ತೆರೆದು, ಅದನ್ನೂ ನೋಡಿದರು.

ಸಂಜೆ ಬಾಗಿಲು ಎಳೆದ ಮೇಲೆ ಎಲ್ಲರನ್ನೂ ಕರೆದರು. ದೂರಪ್ಪ ಗಾರ್ಡನ್ನು ತೆಗೆದು, ಕರವಸ್ತ್ರದಲ್ಲಿ ಬಾಯಿ ಒರೆಸಿ, ಸ್ಪಷ್ಟವಾಗಿ ಕೇಳಿದ: "ಸಾರ್, ಸ್ಟೋರ್ ರೂಮು ನನಗೆ ಕೊಡಿ ಸಾರ್. ದೂರಿನ ಸೀಟಲ್ಲಿ ಸಿಟ್ಟು ನುಂಗಿ ನುಂಗಿ ಹಲ್ಲೆಲ್ಲಾ ಹೋಗ್ತಿದೆ."

ಮ್ಯಾನೇಜರು ಹೊಟ್ಟೆ ಹಿಡಿದು ನಕ್ಕರು. "ಸಿಟ್ಟಾ? ನಿಮಗಾ? ಬೆಳಗಿನಿಂದ ನೋಡ್ತಿದೀನಿ, ಬುದ್ಧನ ಹಾಗೆ ಕೂತಿದ್ರಿ! ಹಲ್ಲು ಕಡಿಯೋರು ಯಾರು ಅಂತ ಇವತ್ತು ಕಣ್ಣಾರೆ ಕಂಡೆ." ಬೀಗದ ಕೈಯನ್ನು ಸಲಹೆಸ್ವಾಮಿಯ ಕೈಗಿಟ್ಟರು. "ಜನರ ಮೇಲೆ ಹಲ್ಲು ಕಡಿಯೋರು ಜನರಿಂದ ದೂರ ಇರಬೇಕು. ನಾಳೆಯಿಂದ ಕೆಳಗೆ ಹೋಗಿ ಪೆಟ್ಟಿಗೆ ಜೊತೆ ಇರಿ."

"ಥ್ಯಾಂಕ್ಸ್ ಸಾರ್," ಎಂದ ಸಲಹೆಸ್ವಾಮಿ. ದೂರಪ್ಪನ ಕಿವಿಗೆ ಬಾಗಿ, "ಕಡಿದುಬಿಡಬೇಕಿತ್ತು ಕಣಯ್ಯಾ ಒಂದ್ಸಲ," ಎಂದ. ಅದು ಆ ದಿನದ ಕೊನೆಯ ಸಲಹೆ.

"ಇನ್ನು ನೀವು," ಎಂದು ಮ್ಯಾನೇಜರು ದೂರಪ್ಪನ ಹೆಗಲ ಮೇಲೆ ಕೈ ಹಾಕಿದರು. "ನಮ್ಮ ಬೇರೆ ಅಂಗಡಿಗಳ ದೂರೆಲ್ಲಾ ನಾಳೆಯಿಂದ ನಿಮಗೇ! ಈ ಸೀಟು ನಿವೃತ್ತಿ ತನಕ ನಿಮ್ಮದೇ!"

ದೂರಪ್ಪನ ದವಡೆ ಮತ್ತೆ ಬಿಗಿಯಿತು. ಉಳಿದ ಹಲ್ಲನ್ನಾದರೂ ಉಳಿಸಿಕೊಳ್ಳೋಣವೆಂದು ಗಡಬಡಿಸಿ ಗಾರ್ಡನ್ನು ಬಾಯಿಗೆ ತುರುಕಿ, ದವಡೆಯಲ್ಲಿದ್ದ ಬಲವನ್ನೆಲ್ಲಾ ಹಾಕಿ ಕಡಿದ. ಕಚಕ್! ಗಾರ್ಡು ಎರಡು ಹೋಳಾಗಿ, ಒಂದೊಂದು ಹೋಳು ಒಂದೊಂದು ಕೆನ್ನೆಗೆ ಜಾರಿ, ಬಾಯಿ ಕಿವಿಯಿಂದ ಕಿವಿಗೆ ಹಿಗ್ಗಿತು.

"ನೋಡ್ರೀ, ನೋಡ್ರೀ!" ಮ್ಯಾನೇಜರು ಚಪ್ಪಾಳೆ ತಟ್ಟಿದರು. "ಕೆಲಸ ಹೆಚ್ಚಾಯ್ತು ಅಂತ ಇಷ್ಟು ಖುಷಿಪಡೋರನ್ನ ಎಲ್ಲಾದ್ರೂ ಕಂಡಿದೀರಾ?"