ಸೋಮಲಿಂಗನ ಹಗುರವಾದ ಕಾರು

ಬಾದಾಮಿ ಕಡೆಯ ಗುಡ್ಡ ಹತ್ತುವ ಕಾರ್ ರೇಸಿನಲ್ಲಿ ಕಪ್ ಗೆದ್ದು ತರದಿದ್ದರೆ ತಾನು ಸೋಮಲಿಂಗನೇ ಅಲ್ಲ ಎಂದು ಇಳಕಲ್ಲಿನ ಸೋಮಲಿಂಗ ಸಾರಿಬಿಟ್ಟ. ಸಾರಿದ್ದು ಹೋಗಿ ಹೋಗಿ ಚೊಳಚಗುಡ್ಡದ ಮಾವ ಹುಲ್ಲಪ್ಪನವರ ಮುಂದೆ. ಪವರ್‌ಲೂಮ್ ಹಾಕಿ ಸೀರೆ ನೇಯಿಸುವ ಈ ಅಳಿಯ ಜೀವನದಲ್ಲಿ ಏನೂ ಕಡಿದು ಗುಡ್ಡೆ ಹಾಕಿಲ್ಲ ಎಂಬುದು ಮದುವೆಯಾದಂದಿನಿಂದ ಮಾವನ ಅಭಿಪ್ರಾಯ. ಅದನ್ನು ಒಂದೇ ದಿನದಲ್ಲಿ ಒರೆಸಿಹಾಕುವ ಹಂಚಿಕೆ ಇದು.

“ಆಗಲಿ, ನಾನೂ ಬಂದು ನೋಡ್ತೇನಿ,” ಅಂದರು ಮಾವ, ಎಲೆಗೆ ಸುಣ್ಣ ಹಚ್ಚುತ್ತ.

ಇದು 2002ರ ಮಾತು. ಸೋಮಲಿಂಗನ ಗೆಳೆಯ ಖಾದರಬಾಷಾ ಹುನಗುಂದದಲ್ಲಿ ಮೆಕ್ಯಾನಿಕ್. ಅವನು ರೇಸ್ ಕಂಡದ್ದೆಲ್ಲ ಟಿ.ವಿ.ಯಲ್ಲೇ. “ಗಾಡಿ ಹಗುರ ಆದಷ್ಟು ಹಾರತೈತಿ ಲೇ,” ಎಂದು ಅಪ್ಪಣೆ ಕೊಡಿಸಿದ. ಅಂದಿನಿಂದ ಹಳೆಯ ಮಾರುತಿಗೆ ಉಪವಾಸ ಶುರುವಾಯಿತು. ಸ್ಟೆಪ್ನಿ ಹೋಯಿತು, ಹಿಂದಿನ ಸೀಟು ಹೋಯಿತು, ಮುಂದಿನ ಎಡಗಡೆ ಸೀಟೂ ಹೋಯಿತು, ನೆಲದ ಮ್ಯಾಟೂ ಹೋಯಿತು. ಕಾರ್ಬುರೇಟರನ್ನು ಬಿಚ್ಚಿ ತೊಳೆದು, ಗಾಲಿಗಳಿಗೆ ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಗಾಳಿ ತುಂಬಿದರು. ಹೆಂಡತಿ ಮಹಾನಂದಾ ಹೊರಗೆ ಬಂದು ಒಳಗೆ ಇಣುಕಿದಳು.

“ನಾ ಕುಂದ್ರೂ ಸೀಟ ಎಲ್ಲಿ?”

“ರೇಸಿನ ಗಾಡ್ಯಾಗ ಒಬ್ಬನ ಕುಂದ್ರೂದು.”

“ಹಾರ್ನರೆ ಎಲ್ಲೈತಿ?”

“ಯಾರಿಗೆ ಹೊಡೀಲಿ? ನನ್ನ ಮುಂದ ಯಾರ ಇರ್ತಾರ?”

“ಹ್ಯಾಂಡ್‌ಬ್ರೇಕೂ ಕಿತ್ತೀರಲ್ರಿ.”

“ಮುಂದ ಹೋಗಾಂವಗ ಅದ್ಯಾಕ ಬೇಕು?”

“ಮತ್ತ ಮಗ್ಗಕ್ಕ ಕಬ್ಬಿಣದ ಗುಂಡು ಯಾಕ ಕಟ್ಟತೀರಿ?”

“ಕಟ್ಟದಿದ್ರ ಹಾಸಿನ ನೂಲು ಸಡಲ ಆಗತೈತಿ. ಮಗ್ಗದ ಮಾತು ಬ್ಯಾರೆ, ಕಾರಿನ ಮಾತು ಬ್ಯಾರೆ. ನಿನಗ ತಿಳಿಯಂಗಿಲ್ಲ ಬಿಡು.”

ಮಹಾನಂದಾ ಬಿಟ್ಟಳು. ಬಿಚ್ಚಿದ ತನ್ನ ಸೀಟನ್ನು ಟಿ.ವಿ. ಮುಂದೆ ಹಾಕಿಕೊಂಡು ಕೂತಳು.

ರೇಸಿನ ದಿನ ಬಂತು. ಏರು ಶುರುವಾಗುವಲ್ಲಿ ಗೆರೆ ಎಳೆದಿದ್ದರು. ಗೆರೆಗಿಂತ ಸ್ವಲ್ಪ ಕೆಳಗೆ, ಬೇವಿನ ಮರದಡಿ, ಮಾವ ಕೊಡೆ ಊರಿಕೊಂಡು ಕೂತಿದ್ದರು. ಪಕ್ಕದಲ್ಲಿ ಚೀಲ ಹಿಡಿದ ಮಹಾನಂದಾ. ಬಾವುಟ ಇಳಿಯಿತು. ಗಾಲಿಯ ಹಿಂದಿನ ಅಡೆಕಟ್ಟಿಗೆಯನ್ನು ಖಾದರಬಾಷಾ ತೆಗೆದ. ಸೋಮಲಿಂಗ ಆಕ್ಸಿಲರೇಟರನ್ನು ತಳ ಮುಟ್ಟಿಸಿದ.

ಮುಂದಿನ ಗಾಲಿಗಳು ಗರಗರ ತಿರುಗಿ ಹರಳು ಹಾರಿಸಿದವು. ಕಾರು ಮಾತ್ರ ನಿಂತಲ್ಲೇ ನಿಂತು, ಎಂಜಿನ್ ಗಕ್ಕನೆ ಬಂದ್ ಬಿತ್ತು. ಅವನ ಎಡಗೈ ರೂಢಿಯಂತೆ ಹ್ಯಾಂಡ್‌ಬ್ರೇಕ್ ಹುಡುಕಿತು. ಅಲ್ಲಿ ಬರೀ ತೂತಿತ್ತು. ಕಾಲು ಬ್ರೇಕಿನ ಮೇಲಿದ್ದಷ್ಟು ಹೊತ್ತು ಕಾರು ನಿಲ್ಲುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಿ, ಕಾಲು ತೆಗೆದು ಆಕ್ಸಿಲರೇಟರಿಗೆ ಇಡುವಷ್ಟರಲ್ಲಿ ಗೇಣು, ಮೊಳ, ಮಾರು ಎಂದು ಹಿಂದೆ ಸರಿಯುತ್ತಿತ್ತು. ಹಾರ್ನೂ ಇರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿಂದಲೇ “ಪೋಂ ಪೋಂ” ಎನ್ನುತ್ತ, ಕಂತು ಕಂತಾಗಿ, ಅವನು ಬೇವಿನ ಮರದವರೆಗೆ ಇಳಿದು ಬಂದ.

“ಅಳಿಯಂದ್ರ, ಬಂದ್ರಿ? ಬರ್ರಿ, ನೆರಳಾಗ ಕುಂದರ್ರಿ,” ಅಂದರು ಮಾವ.

ಮಹಾನಂದಾ ಎದ್ದು, ಚೀಲದಿಂದ ಮಗ್ಗದ ಗುಂಡು ತೆಗೆದು, ಹಿಂದಿನ ಗಾಲಿಗೆ ಅಡ್ಡ ಕೊಟ್ಟಳು. ಕಾರು ನಿಂತಿತು.

ಸಂಜೆ ರೇಸ್ ಮುಗಿಯಿತು. ಮನೆಗೆ ಹೋಗಲಿಕ್ಕೂ ಅದೇ ಗುಡ್ಡ ಹತ್ತಬೇಕಿತ್ತು. “ಮುಂದ ಭಾರ ಇಲ್ಲದ ಗಾಲಿ ನೆಲಾ ಹೆಂಗ ಹಿಡೀತೈತಿ?” ಎಂದು ಖಾದರಬಾಷಾ, ಮೊದಲಿನಿಂದಲೂ ಅದನ್ನೇ ಹೇಳುತ್ತ ಬಂದವನಂತೆ ಕೇಳಿದ. ಗೆಳೆಯರಿಬ್ಬರೂ ಮಹಾನಂದಾಳತ್ತ ನೋಡಿದರು.

“ನನ್ನ ಸೀಟ ಮನ್ಯಾಗ ಐತಿ. ನಾ ಬಸ್ಸಿಗೆ ಬರ್ತೇನಿ.”

ಕೊನೆಗೆ ಮಾವನೇ ಎದ್ದರು. ಒಳ್ಳೆ ದಡೂತಿ ಆಳು, ಮುಂದುಗಡೆ ಗೋಣಿತಟ್ಟು ಹಾಸಿ ಕೂತದ್ದೇ ಕಾರಿನ ಮೂತಿ ತಗ್ಗಿತು. ಸೋಮಲಿಂಗ ಗೇರ್ ಹಾಕಿದ. ಮಾರುತಿ ಒಮ್ಮೆಯೂ ಮುಗ್ಗರಿಸದೆ ನೆತ್ತಿಯವರೆಗೆ ಹತ್ತಿತು. ಮಾವ ಇಳಿದು, ಧೋತರ ಝಾಡಿಸಿ, ಸುತ್ತ ನೋಡಿದರು.

“ಕಪ್ ಎಲ್ಲಿ ಕೊಡ್ತಾರ್ರಿ?”

“ಯಾರಿಗೆ, ಮಾವಾರ?”

“ನನಗ. ನೀವು ಒಬ್ಬರ ಕುಂತಾಗ ಹಿಂದ ಬಂತು. ನಾ ಕುಂತೆ, ಹತ್ತಿತು.”